ನಾಲ್ಕು ರಾತ್ರಿಯ ನೆರೆಹೊರೆ

ಹೋಟೆಲ್ಲೋ ಮನೆಯೋ ಎಂಬ ಚರ್ಚೆ ಆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರ ನಡೆಯಿತು. ತಂದೆ ತಾಯಿ ಪುಣೆಯಲ್ಲಿ. ಮಗಳು, ಅಳಿಯ, ಆರು ವರ್ಷದ ಮೊಮ್ಮಗ ಹೈದರಾಬಾದಿನಲ್ಲಿ. ವರ್ಷಕ್ಕೊಮ್ಮೆ ಎರಡೂ ಊರಿನವರು ಎಲ್ಲಾದರೂ ಒಂದು ಕಡೆ ಸೇರುವುದು ರೂಢಿ. ಈ ಸಲ ದೀಪಾವಳಿ ಕಳೆದ ಮೇಲೆ ಗೋವಾ ಎಂದಾಯಿತು. ಸಮುದ್ರದ ದಂಡೆಯ ರೆಸಾರ್ಟ್ ಎಂದರೆ ಎರಡು ಕೋಣೆ, ಎರಡು ಬಿಲ್ಲು, ಬೆಳಿಗ್ಗೆ ಹತ್ತರೊಳಗೆ ತಿಂಡಿಗೆ ಓಡುವ ಗಡಿಬಿಡಿ. ಧಾರವಾಡದ ತಾಯಿಯ ತೀರ್ಪು ಚಿಕ್ಕದು: "ಮೂರ್ ದಿನಾ ಹೋಟೆಲ್ ಊಟಾ ಅಂದ್ರ ನಾಕನೇ ದಿನಾ ನಿಮ್ಮಪ್ಪಗ ದವಾಖಾನಿ. ಒಂದ್ ಅಡಿಗಿಮನಿ ಇದ್ರ ಸಾಕವಾ." ಹಾಗೆ ಅಡುಗೆಮನೆಯ ನೆಪದಲ್ಲಿ ಶುರುವಾದ ಹುಡುಕಾಟ ತಂದೆಯ ಒಂದು ಮಾತಿನಿಂದ ಪಣಜಿಯ ಫೊಂಟೇನ್ಹಾಸ್ ಎಂಬ ಹಳೆಯ ಬಡಾವಣೆಗೆ ಬಂದು ನಿಂತಿತು.

ತಂದೆ ಬ್ಯಾಂಕಿನಲ್ಲಿದ್ದವರು. 1984ರಲ್ಲಿ, ಮದುವೆಗೆ ಮುಂಚೆ, ಅವರಿಗೆ ಪಣಜಿಗೆ ವರ್ಗವಾಗಿತ್ತು. ಹದಿನಾಲ್ಕು ತಿಂಗಳು ಫೊಂಟೇನ್ಹಾಸಿನ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದರು. ಮನೆಯ ಯಜಮಾನಿ ಕೋಣೆ ಕೊಟ್ಟದ್ದು ಇವರ ಮುಖ ನೋಡಿಯಲ್ಲ, ಬ್ಯಾಂಕಿನ ಲೀಸ್ ಕಾಗದ ನೋಡಿ. ಬ್ಯಾಂಕಿನವನು ವರ್ಗವಾಗಿ ಹೋಗಿಯೇ ಹೋಗುತ್ತಾನೆ, ಉಳಿದುಬಿಡುವುದಿಲ್ಲ ಎಂಬುದೇ ಆಗಿನ ಮಾಲೀಕರಿಗೆ ದೊಡ್ಡ ಭರವಸೆ. ಆದರೂ ಆ ಹದಿನಾಲ್ಕು ತಿಂಗಳಲ್ಲಿ ಓಣಿ ಅವರನ್ನು ತನ್ನವನೆಂದೇ ನಡೆಸಿಕೊಂಡಿತ್ತು. ಜ್ವರ ಬಂದಾಗ ಗಂಜಿ ಬಂದಿತ್ತು, ಕ್ರಿಸ್ಮಸ್‌ಗೆ ತಟ್ಟೆ ತುಂಬ ದೋದೋಲ್ ಬಂದಿತ್ತು. "ದೇವ್ ಬರೆಂ ಕರೂಂ" ಎಂದು ಧನ್ಯವಾದ ಹೇಳುವುದನ್ನು ಅವರು ಕಲಿತದ್ದು ಅಲ್ಲಿಯೇ. ನಲವತ್ತು ವರ್ಷ ಈ ಕಥೆಯನ್ನು ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಗಳು ಆ್ಯಪ್ ತೆರೆದು ಆ ಬಡಾವಣೆಯ ಹೆಸರನ್ನೇ ಹಾಕಿದಳು. ಮೂವತ್ತಕ್ಕೂ ಹೆಚ್ಚು ಮನೆಗಳು ಒಂದರ ಕೆಳಗೊಂದು ಸಾಲಾಗಿ ಬಂದವು. ಹಳದಿ, ನೀಲಿ, ಕಾವಿಗೆಂಪು. ತಂದೆ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, "ಇಷ್ಟೂ ಮನಿ ಖಾಲಿ ಅದಾವೇನು?" ಎಂದರು.

ಖಾಲಿ ಇರುವುದಕ್ಕೂ ಬಾಡಿಗೆಗೆ ಸಿಗುವುದಕ್ಕೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಆ ಜಾಗವನ್ನು ಸ್ವಲ್ಪ ನೋಡಬೇಕು.

ಪಶ್ಚಿಮಕ್ಕೆ ಆಲ್ಟಿನ್ಹೊ ಗುಡ್ಡ, ಪೂರ್ವಕ್ಕೆ ಊರೆಂ ಎಂಬ ಸಣ್ಣ ಕಾಲುವೆಯಂಥ ಹೊಳೆ. ಎರಡರ ನಡುವಿನ ಇಕ್ಕಟ್ಟು ಪಟ್ಟಿಯೇ ಫೊಂಟೇನ್ಹಾಸ್. ಗುಡ್ಡದ ಬುಡದಲ್ಲಿ ಒಂದು ಚಿಲುಮೆ ಇದೆ; ಬಡಾವಣೆಗೆ ಹೆಸರು ಬಂದದ್ದು ಆ ನೀರಿನಿಂದ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇದು ತೆಂಗಿನ ತೋಟ. ಮೊಜಾಂಬಿಕ್‌ನಲ್ಲಿ ದುಡ್ಡು ಮಾಡಿ ಮರಳಿ ಬಂದವನೊಬ್ಬ ಇಲ್ಲಿ ತೋಟ ಮಾಡಿಸಿದ್ದ. ಅದೇ ಕಾರಣಕ್ಕೆ ಜನ ಅವನನ್ನು ಮೊಸ್ಮಿಕಾರ್ ಎಂದು ಕರೆದರು. ಅಷ್ಟರಲ್ಲಿ ಹಳೆ ಗೋವಾ ಸಾಂಕ್ರಾಮಿಕ ರೋಗಗಳಿಂದ ಬರಿದಾಗುತ್ತಿತ್ತು. ವೈಸರಾಯ್ 1759ರಲ್ಲೇ ಮಾಂಡೋವಿ ನದಿಯ ಕೆಳಭಾಗಕ್ಕೆ, ಪಣಜಿಗೆ ಬಂದು ನೆಲೆಸಿದ್ದ. 1843ರಲ್ಲಿ ಪಣಜಿ ಅಧಿಕೃತವಾಗಿ ರಾಜಧಾನಿಯಾಯಿತು. (ಮಾಂಡೋವಿ ಎಂದರೆ ಬೇರೇನೂ ಅಲ್ಲ, ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ನೀರಿನ ಜಗಳದಲ್ಲಿ ಎರಡೂ ಹೆಸರು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.) ಹೊಸ ರಾಜಧಾನಿಗೆ ಗುಮಾಸ್ತರು, ಅಧಿಕಾರಿಗಳು, ಕುಶಲಕರ್ಮಿಗಳು ಬಂದರು, ಅವರಿಗೆ ಮನೆ ಬೇಕಾಯಿತು, ತೋಟ ಹೋಗಿ ಓಣಿ ಬಂತು.

ಗೋವಾದ ಹಳ್ಳಿಮನೆ ತನ್ನ ಪಾಡಿಗೆ ತಾನು ಮರಗಳ ನಡುವೆ ನಿಲ್ಲುತ್ತದೆ. ಫೊಂಟೇನ್ಹಾಸಿನ ಮನೆ ಹಾಗಲ್ಲ. ಜಂಬಿಟ್ಟಿಗೆಯ ದಪ್ಪ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೆಂಪು ಹೆಂಚಿನ ಮಾಡು, ಓಣಿಯ ಮೇಲೆ ಚಾಚಿದ ಕಟಾಂಜನದ ಬಾಲ್ಕನಿ, ಗಾಜು ದುಬಾರಿಯಾಗಿದ್ದ ಕಾಲದಲ್ಲಿ ತೆಳು ಚಿಪ್ಪುಗಳನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸಿದ ಕಿಟಕಿ. ಬಿಳಿ ಬಣ್ಣ ಚರ್ಚಿಗೆ ಮೀಸಲು, ಮನೆಗಳಿಗೆ ಬಳಿಯುವಂತಿರಲಿಲ್ಲ ಎಂದು ಹೇಳುತ್ತಾರೆ. ಆ ನಿಯಮ ತೀರಿಹೋದರೂ ಬಣ್ಣದ ರೂಢಿ ಉಳಿಯಿತು. ಓಣಿಯ ತುದಿಯಲ್ಲಿ ಸಂತ ಸೆಬಾಸ್ಟಿಯನ್‌ನ ಪುಟ್ಟ ಚಾಪೆಲ್. ಅದರೊಳಗಿನ ಶಿಲುಬೆ ಒಂದು ಕಾಲಕ್ಕೆ ಹಳೆ ಗೋವಾದ ಇನ್ಕ್ವಿಸಿಷನ್ ಅರಮನೆಯಲ್ಲಿತ್ತು. ಅದರ ಮೇಲಿನ ಯೇಸು ಕಣ್ಣು ತೆರೆದೇ ಇದ್ದಾನೆ. ವಿಚಾರಣೆಗೆ ನಿಂತವರ ಮುಂದೆ ಆ ಕಣ್ಣುಗಳಿದ್ದವು ಎಂದು ನೆನೆದರೆ, ಇಷ್ಟು ಚೆಂದದ ಓಣಿಯಲ್ಲಿಯೂ ಮೈ ಒಮ್ಮೆ ಜುಮ್ಮೆನ್ನುತ್ತದೆ.

ಈಗ ಖಾಲಿ ಮನೆಗಳ ವಿಷಯ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಗೋವಾಕ್ಕೂ ಅನ್ವಯವಾಗಿತ್ತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದ ಮೇಲೂ ಕುಟುಂಬದ ಆಸ್ತಿಯ ವಿಷಯದಲ್ಲಿ ಅದರ ತತ್ವಗಳು ಉಳಿದುಬಂದವು. ಮಗನಿರಲಿ ಮಗಳಿರಲಿ ಪಾಲು ಸಮ. ತಂದೆ ಮನಸ್ಸು ಬಂದಂತೆ ಉಯಿಲು ಬರೆದು ಒಬ್ಬರನ್ನು ಪೂರ್ತಿ ಹೊರಗಿಡುವಂತಿಲ್ಲ; ಆಸ್ತಿಯ ಅರ್ಧ ವಾರಸುದಾರರಿಗೆ ಕಾಯ್ದಿಟ್ಟದ್ದು. ಮದುವೆಯಾದವರ ಆಸ್ತಿ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರದೂ ಆಗಿರುವುದರಿಂದ ಮಾರುವಾಗ ಇಬ್ಬರ ಸಹಿಯೂ ಬೇಕು. ನ್ಯಾಯದ ದೃಷ್ಟಿಯಿಂದ ಇದಕ್ಕೆ ಕೈ ಮುಗಿಯಬೇಕು. ದೇಶದ ಬೇರೆ ಕಡೆ ಹೆಣ್ಣುಮಕ್ಕಳು ಇದಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದಿದ್ದಾರೆ. ಆದರೆ ಮನೆಯ ದೃಷ್ಟಿಯಿಂದ ನೋಡಿದರೆ ಎರಡು ತಲೆಮಾರಿನಲ್ಲಿ ಒಂದು ಮನೆಗೆ ಹತ್ತು ಹನ್ನೆರಡು ಒಡೆಯರು. ಒಬ್ಬರು ಲಿಸ್ಬನ್ನಿನಲ್ಲಿ, ಇಬ್ಬರು ಇಂಗ್ಲೆಂಡಿನಲ್ಲಿ, ಒಬ್ಬರು ಮುಂಬೈಯ ಬಾಂದ್ರಾದಲ್ಲಿ. 1961ಕ್ಕಿಂತ ಮುಂಚೆ ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್‌ನ ಪೌರತ್ವ ಪಡೆಯಲು ದಾರಿ ಇರುವುದರಿಂದ ಹೋದವರು ಬಹಳ. ಎಲ್ಲರ ಸಹಿ ಒಂದು ಕಾಗದದ ಮೇಲೆ ಬೀಳುವುದು ಗ್ರಹಗಳು ಸಾಲಾಗಿ ನಿಂತಷ್ಟೇ ಅಪರೂಪ. ಹೀಗಾಗಿ ಮನೆಯನ್ನು ಮಾರಲಾಗುವುದಿಲ್ಲ.

ಹಾಗಾದರೆ ತಿಂಗಳ ಬಾಡಿಗೆಗೆ ಕೊಡಬಹುದಲ್ಲ? ಅಲ್ಲಿ ಅಡ್ಡ ಬಂದದ್ದು 1968ರ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆದಾರನನ್ನು ರಕ್ಷಿಸಲು ಬಂದ ಕಾನೂನು ಮಾಲೀಕರಲ್ಲಿ ಹುಟ್ಟಿಸಿದ್ದು ಬೇರೆಯದೇ ಭಯ: ಒಳಗೆ ಬಂದವನು ಹೊರಗೆ ಹೋಗುವುದಿಲ್ಲ. ಮುಂಬೈಯ ಪಗಡಿ ಮನೆಗಳನ್ನು ಕಂಡವರಿಗೆ ಈ ಭಯವನ್ನು ವಿವರಿಸಬೇಕಿಲ್ಲ. ಆದ್ದರಿಂದ ಬೀಗ. ಆದರೆ ಬೀಗ ಹಾಕಿದ ಹೆಂಚಿನ ಮನೆ ಗೋವಾದ ಮಳೆಗೆ ಬಹಳ ವರ್ಷ ನಿಲ್ಲುವುದಿಲ್ಲ. ಪ್ರತಿ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಬೇಕು, ಮಳೆ ಹೋದ ಮೇಲೆ ಹಾವಸೆ ತಿಕ್ಕಿ ಬಣ್ಣ ಬಳಿಯಬೇಕು, ಗೆದ್ದಲು ಹಿಡಿದ ತೊಲೆ ಬದಲಿಸಬೇಕು. ಈ ಖರ್ಚಿಗೆ ದುಡ್ಡು ಎಲ್ಲಿಂದ? ರಾತ್ರಿಯ ಲೆಕ್ಕದಲ್ಲಿ ಬಂದು ಹೋಗುವ ಅತಿಥಿ ಈ ಮೂರೂ ಗಂಟುಗಳನ್ನು ಒಟ್ಟಿಗೆ ಬಿಡಿಸುತ್ತಾನೆ. ಅವನು ಉಳಿದುಬಿಡುವುದಿಲ್ಲ, ಅವನಿಗೆ ಯಾರ ಸಹಿಯೂ ಬೇಡ, ಅವನ ದುಡ್ಡಿನಿಂದ ಹೆಂಚು ರಿಪೇರಿಯಾಗುತ್ತದೆ. ಪ್ರವಾಸಿಗರು ಹಳೆಯ ಬಡಾವಣೆಗಳನ್ನು ಹಾಳು ಮಾಡುತ್ತಾರೆ ಎಂದು ಸಿಟ್ಟಿನಿಂದ ಬರೆಯುವವರು ಈ ಲೆಕ್ಕವನ್ನು ಮರೆಯುತ್ತಾರೆ. ಫೊಂಟೇನ್ಹಾಸಿನಲ್ಲಿ ಎಷ್ಟೋ ಮಾಡುಗಳು ಇವತ್ತು ನಿಂತಿರುವುದು ಇಂಥ ಬಾಡಿಗೆಯ ಬಲದಿಂದಲೇ.

ಮಗಳು ಆರಿಸಿದ್ದು ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆ. ಆಯ್ಕೆಗೆ ಮುಂಚೆ ಅವಳು ಮ್ಯಾನೇಜರನಿಗೆ ಕಳಿಸಿದ ಪ್ರಶ್ನೆಗಳು, ಇಂಥ ಜಾಗದಲ್ಲಿ ವಯಸ್ಸಾದವರೊಡನೆ ಮನೆ ಹಿಡಿಯುವ ಯಾರಿಗೂ ಉಪಯೋಗಕ್ಕೆ ಬರುವಂಥವು. ಮೆಟ್ಟಿಲು ಎಷ್ಟು, ಎತ್ತರ ಎಷ್ಟು, ಹಿಡಿದುಕೊಳ್ಳಲು ಕಟಕಟೆ ಒಂದು ಕಡೆಯೋ ಎರಡು ಕಡೆಯೋ? (ಹತ್ತೊಂಬತ್ತು ಮರದ ಮೆಟ್ಟಿಲು, ಒಂದೇ ಕಡೆ.) ಟ್ಯಾಕ್ಸಿ ಬಾಗಿಲವರೆಗೆ ಬರುತ್ತದೆಯೋ? (ಇಲ್ಲ.) ಪಾಯಖಾನೆ ಮಲಗುವ ಕೋಣೆಗೆ ಹೊಂದಿಕೊಂಡಿದೆಯೋ, ಹಿತ್ತಲ ಕಡೆ ದಾಟಿ ಹೋಗಬೇಕೋ? ಗ್ಯಾಸಿನ ಒಲೆಯೋ, ಬರೀ ಕರೆಂಟಿನ ಕೆಟಲ್ ಇಟ್ಟು ಅದನ್ನೇ ಕಿಚನ್ ಎಂದಿದ್ದಾರೋ? ಸೊಳ್ಳೆಪರದೆ ಇದೆಯೋ? ಕೊನೆಗೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಆಗಿದೆಯೋ? 1982ರ ಕಾಯ್ದೆಯ ಪ್ರಕಾರ ಗೋವಾದಲ್ಲಿ ಪ್ರವಾಸಿಗರಿಗೆ ಮನೆ ಕೊಡುವವರು ಇಲಾಖೆಯಲ್ಲಿ ಹೆಸರು ದಾಖಲಿಸಬೇಕು. ಆನ್‌ಲೈನಿನಲ್ಲಿ ಕೊಡುವವರಿಗೂ ಇದರಿಂದ ವಿನಾಯಿತಿ ಇಲ್ಲ. ಇಬ್ಬರು ಮ್ಯಾನೇಜರರು ಈ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಮೂರನೆಯವನು ಸರ್ಟಿಫಿಕೇಟಿನ ಫೋಟೋ ಕಳಿಸಿದ. ಅವನದೇ ಗಟ್ಟಿಯಾಯಿತು.

ತಂದೆ ತಾಯಿ ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರು. ವಿಮಾನ ಬೇಡವೆಂದದ್ದು ತಾಯಿ, ಆ ಗಾಡಿ ಬೆಳಗಾವಿ, ಲೋಂಡಾ ದಾಟಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಬೆಳಗಾವಿಯ ಪ್ಲಾಟ್‌ಫಾರಂನಲ್ಲಿ ಕುಂದಾ ಕೊಂಡದ್ದೂ ಆಯಿತು.

ಟ್ಯಾಕ್ಸಿ ಓಣಿಯ ಬಾಯಲ್ಲೇ ನಿಂತಿತು. ಐದು ಜನರ ನಾಲ್ಕು ಸೂಟ್‌ಕೇಸು. ನಡುಮಧ್ಯಾಹ್ನದ ನಿಶ್ಶಬ್ದದಲ್ಲಿ ಅವುಗಳ ಚಕ್ರ ಕಲ್ಲಿನ ಮೇಲೆ ಮಾಡುವ ಸದ್ದು ಎರಡೂ ಬದಿಯ ಗೋಡೆಗೆ ಬಡಿದು ದೊಡ್ಡದಾಗುತ್ತದೆ. ಅರ್ಧ ತೆರೆದ ಎರಡು ಕಿಟಕಿ ಪೂರ್ತಿ ಮುಚ್ಚಿಕೊಂಡವು. ಎದುರು ಮನೆಯ ಒಂದು ಕಿಟಕಿ ಮಾತ್ರ ತೆರೆದೇ ಇತ್ತು; ಅಲ್ಲಿ ಹೂವಿನ ಗೌನು ತೊಟ್ಟ, ಎಂಬತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕೈ ಊರಿ ನಿಂತು ಸಾಮಾನುಗಳನ್ನು ಎಣಿಸುವವರಂತೆ ನೋಡಿದರು. ತಂದೆ ತಲೆಯೆತ್ತಿ ನಮಸ್ಕಾರ ಮಾಡಿದರು. ಆಕೆ ಮಾಡಲಿಲ್ಲ.

ಮಾಡದೆ ಇದ್ದದ್ದಕ್ಕೆ ಕಾರಣ ಮರುದಿನ ಬೆಳಿಗ್ಗೆಯೇ ತಿಳಿಯಿತು. ಬೆಳಕು ಹರಿಯುವಾಗ ಪೊದೇರ್ ಸೈಕಲ್ಲಿನ ಮೇಲೆ ಹಾರ್ನ್ ಒತ್ತುತ್ತ ಬಂದ. ತಂದೆ ಬನಿಯನ್ ಮೇಲೆ ಶರ್ಟು ಹಾಕಿಕೊಳ್ಳುತ್ತ ಹತ್ತೊಂಬತ್ತು ಮೆಟ್ಟಿಲು ಇಳಿದು ಬಿಸಿ ಪೊಯಿ ತಂದರು. ಎಂಟರ ಹೊತ್ತಿಗೆ ಮೊದಲ ಕ್ಯಾಮೆರಾ. ಒಂಬತ್ತಕ್ಕೆ ಮದುವೆಗೆ ಮುಂಚಿನ ಫೋಟೋಶೂಟಿನ ಜೋಡಿ, ಜೊತೆಗೆ ಬೆಳ್ಳಿ ಬಣ್ಣದ ಛತ್ರಿ ಹಿಡಿದ ಇಬ್ಬರು ಸಹಾಯಕರು, ಬಟ್ಟೆ ಬದಲಿಸಲು ಜಾಗ ಕೇಳುವ ಮೇಕಪ್ಪಿನ ಹುಡುಗಿ. ಎದುರು ಮನೆಯ ಕೆಂಪು ಗೋಡೆಗೆ ಫೋಟೋ ತೆಗೆಯಬೇಡಿ ಎಂಬ ಬೋರ್ಡಿದೆ. ಒಬ್ಬಳು ಆ ಬೋರ್ಡಿನ ಪಕ್ಕದಲ್ಲಿಯೇ ನಿಂತು ನಾಲಿಗೆ ಹೊರಚಾಚಿ ಸೆಲ್ಫಿ ತೆಗೆದುಕೊಂಡಳು. ಜಗಲಿಯ ಮೇಲೆ ಕೂರುತ್ತಾರೆ, ಬಾಗಿಲ ಹಿಡಿಕೆ ಹಿಡಿದು ಒಳಗೆ ಹೋಗುವವರ ಹಾಗೆ ನಟಿಸುತ್ತಾರೆ, ಕೆಲವೊಮ್ಮೆ ಬಾಗಿಲು ನಿಜವಾಗಿಯೂ ತೆರೆದುಕೊಂಡುಬಿಡುತ್ತದೆ. ಒಳಗೆ ಯಾರೋ ಊಟಕ್ಕೆ ಕೂತಿರುತ್ತಾರೆ.

ಎರಡನೆಯ ದಿನ ನಡೆದದ್ದು ಇದು. ತಾಯಿ ಪಣಜಿಯ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದಿದ್ದರು. ಗೋವಾಕ್ಕೆ ತರಕಾರಿ ಬರುವುದು ಬಹುಪಾಲು ಬೆಳಗಾವಿಯಿಂದ. ಮಾರುವವರಲ್ಲಿ ಹಲವರು ಕನ್ನಡದವರು. ಚೌಕಾಸಿ ಮಾಡಲು ಇಡೀ ಪುಣೆಯಲ್ಲಿ ಸಿಗದ ಸುಖ ಅಲ್ಲಿ ಸಿಕ್ಕಿತ್ತು. ಆ ಹುರುಪಿನಲ್ಲಿ, ನೂಲಿನ ಇಳಕಲ್ ಸೀರೆಯುಟ್ಟು, ಚಿಪ್ಪಿನ ಕಿಟಕಿಯ ಒಂದು ರೆಕ್ಕೆ ತೆರೆದು, ಮರದ ಸ್ಟೂಲಿನ ಮೇಲೆ ಕೂತು ಚವಳಿಕಾಯಿ ಸೋಸುತ್ತಿದ್ದರು. ಕೆಳಗೆ ಒಂದು ಗುಂಪು ನಿಂತಿತು. ಗುಂಪಿನ ಮುಂದಾಳು ಮೇಲೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ, ಇಲ್ಲಿ ಇನ್ನೂ ಹಳೆಯ ಕುಟುಂಬಗಳು ವಾಸವಾಗಿವೆ ನೋಡಿ ಎಂದ. ಹನ್ನೆರಡು ಮೊಬೈಲುಗಳು ಒಟ್ಟಿಗೆ ಮೇಲೆದ್ದವು. ಧಾರವಾಡ ಮಾಳಮಡ್ಡಿಯ ಹೆಣ್ಣುಮಗಳು, ಮೂವತ್ತೆಂಟು ವರ್ಷದಿಂದ ಪುಣೆಯ ಕೊಥ್ರೂಡಿನಲ್ಲಿರುವ ಗೃಹಿಣಿ, ಹೀಗೆ ಒಂದು ಕ್ಷಣದಲ್ಲಿ ಪಣಜಿಯ ಪುರಾತನ ನಿವಾಸಿಯಾದರು. ತಾಯಿಗೆ ಮೊದಲು ನಗು ಬಂತು. ಎರಡನೆಯ ಗುಂಪಿಗೆ ಸೆರಗು ಸರಿಮಾಡಿಕೊಂಡರು. ಮೂರನೆಯ ಗುಂಪು ಬಂದಾಗ ಚವಳಿಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಕಿಟಕಿ ಮುಚ್ಚಿದರು. "ಏನ್ ಮಂದಿವಾ, ಕಾಯಿಪಲ್ಯಾ ಸೋಸೂದನ್ನೂ ಬಿಡೂದಿಲ್ಲ."

ಎದುರು ಕಿಟಕಿಯಲ್ಲಿ ಆ ಗೌನಿನ ಮುದುಕಿ ಹಲ್ಲಿಲ್ಲದ ಬಾಯಿಂದ ಬಿದ್ದುಬಿದ್ದು ನಗುತ್ತಿದ್ದರು.

ಮಾತು ಶುರುವಾದದ್ದು ಹಾಗೆ. ಆಕೆಯದು ಕೊಂಕಣಿ, ತಾಯಿಯದು ಧಾರವಾಡದ ಕನ್ನಡ ಬೆರೆತ ಮರಾಠಿ. ನಡುವೆ ಹತ್ತು ಅಡಿ ಓಣಿ. ಅರ್ಥವಾಗದ ಕಡೆ ಕೈಸನ್ನೆ. ಈ ಮನೆಯಲ್ಲಿ, ನೀವು ಈಗ ಮಲಗುವ ಕೋಣೆಯಲ್ಲಿ, ಇಬ್ಬರು ಅಕ್ಕತಂಗಿ ಇದ್ದರು, ಮದುವೆಯಾಗದವರು. ಚಿಕ್ಕವಳು ಹೊಲಿಗೆಗೆ ಹೆಸರಾದವಳು. ಸಂಜೆ ಆರಕ್ಕೆ ಗಂಟೆ ಬಾರಿಸಿದರೆ ಈ ಕಿಟಕಿಯಿಂದ ಅವರು, ಆ ಕಿಟಕಿಯಿಂದ ನಾನು, ಒಟ್ಟಿಗೆ ಪ್ರಾರ್ಥನೆ ಹೇಳುತ್ತಿದ್ದೆವು. ದೊಡ್ಡವಳು ಹೋದಾಗ ನಾನೇ ಮೊದಲು ನೋಡಿದ್ದು, ಬೆಳಿಗ್ಗೆ ಕಿಟಕಿ ತೆರೆದಿರಲಿಲ್ಲ ಎಂದು. ಈಗ ಈ ಕಿಟಕಿ ತೆರೆಯದಿದ್ದರೆ ಅತಿಥಿಗಳು ತಡವಾಗಿ ಎದ್ದಿದ್ದಾರೆ ಎಂದರ್ಥ. ಇಷ್ಟು ಹೇಳಿ ಆಕೆ, ನನ್ನ ಕಿಟಕಿ ತೆರೆಯದಿದ್ದರೆ ನೋಡುವವರು ಯಾರು ಎಂದು ಕೇಳಲಿಲ್ಲ. ಆದರೆ ತಾಯಿ ರಾತ್ರಿ ಮಗಳಿಗೆ ಹೇಳಿದ್ದು ಅದನ್ನೇ.

ಬಾಡಿಗೆಯ ಲೆಕ್ಕದಲ್ಲಿ ಬಿಟ್ಟುಹೋಗುವ ಸಾಲು ಇದು. ಮನೆಯ ಜಾಹೀರಾತಿನಲ್ಲಿ ಹಾಸಿಗೆ, ಏಸಿ, ವೈಫೈ ಇರುತ್ತವೆ. ಆದರೆ ಅದೇ ಹಾಸಿಗೆ, ಅದೇ ಏಸಿ ಪಣಜಿಯ ಹೊಸ ಬಡಾವಣೆಯ ಫ್ಲ್ಯಾಟಿನಲ್ಲಿ ಇನ್ನೂ ಕಡಿಮೆಗೆ ಸಿಗುತ್ತವೆ. ಹೆಚ್ಚಿನ ದುಡ್ಡು ಕೊಡುವುದು ಓಣಿಗೆ. ಓಣಿ ಎಂದರೆ ಬಣ್ಣ ಬಳಿಸಿಟ್ಟ ಎದುರು ಗೋಡೆ, ಕುಂಡದಲ್ಲಿ ನೀರು ಕಂಡ ಗಿಡ, ಬೆಳಿಗ್ಗೆ ಪೊದೇರನನ್ನು ಬರಮಾಡಿಕೊಳ್ಳುವಷ್ಟು ಗಿರಾಕಿಗಳು, ಸಂಜೆ ಯಾವುದೋ ಮನೆಯಿಂದ ಬರುವ ಪಿಟೀಲಿನ ಸದ್ದು. ಇವನ್ನು ಒದಗಿಸುವವರು ಎದುರು ಮನೆಯವರು, ಪಕ್ಕದ ಮನೆಯವರು. ದುಡ್ಡು ಹೋಗುವುದು ಅವರಿಗಲ್ಲ. ಅವರಿಗೆ ಸಿಗುವುದು ಸೂಟ್‌ಕೇಸಿನ ಸದ್ದು ಮತ್ತು ಕಸ. ಪಣಜಿ ಕಸ ವಿಂಗಡಣೆಯಲ್ಲಿ ಶಿಸ್ತಿನ ಊರು. ಹಸಿ, ಒಣ, ಗಾಜು ಎಂದು ಬೇರೆ ಮಾಡಿ ಕೊಡಬೇಕು. ಬೆಳಿಗ್ಗೆ ಐದರ ವಿಮಾನ ಹಿಡಿಯುವ ಅತಿಥಿ ಬಾಟಲಿ, ಬಿರಿಯಾನಿ, ಡಯಾಪರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮೂಲೆಗಿಟ್ಟು ಹೋಗುತ್ತಾನೆ. ಒಯ್ಯುವವರು ಒಯ್ಯುವುದಿಲ್ಲ. ಆ ಚೀಲ ಯಾರ ಬಾಗಿಲ ಮುಂದೆ ನಾಯಿಯ ಬಾಯಿಗೆ ಬೀಳುತ್ತದೋ ಅದು ಅವರದು.

ಬಾರ್ಸಿಲೋನಾದಲ್ಲಿ ಈ ಜಗಳ ಕೊನೆ ಮುಟ್ಟಿದೆ. ಸುಮಾರು 10,000 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನಂತರ ನವೀಕರಿಸುವುದಿಲ್ಲ ಎಂದು ಅಲ್ಲಿನ ಮೇಯರ್ 2024ರಲ್ಲಿ ಘೋಷಿಸಿದರು. ಲಿಸ್ಬನ್ ಕೂಡ ಆಲ್ಫಾಮಾದಂಥ ಹಳೆಯ ಬಡಾವಣೆಗಳಲ್ಲಿ ಹೊಸ ನೋಂದಣಿಯನ್ನು 2018ರಲ್ಲೇ ತಡೆದಿತ್ತು. ಫೊಂಟೇನ್ಹಾಸ್ ಅವುಗಳ ಮುಂದೆ ಒಂದು ಮೂಲೆ ಮಾತ್ರ, ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಯುವಂಥದು. ಆದರೆ ಚಿಕ್ಕದಾದ್ದರಿಂದಲೇ ಇಲ್ಲಿ ಒಂದೊಂದು ಕಿಟಕಿಯೂ ಲೆಕ್ಕಕ್ಕೆ ಬರುತ್ತದೆ. ನಿಷೇಧ ಇಲ್ಲಿಗೆ ಹೊಂದುವ ಮದ್ದಲ್ಲ, ಬೀಗ ಮರಳಿ ಬರುತ್ತದೆ ಅಷ್ಟೇ. ಓಣಿಯಲ್ಲಿ ಇಷ್ಟೇ ಮನೆ ಎಂಬ ಮಿತಿ, ಕಸಕ್ಕೂ ಗದ್ದಲಕ್ಕೂ ಹೆಸರು ಹಿಡಿದು ಹೊಣೆ ಹೊರುವ ಒಬ್ಬ ಸ್ಥಳೀಯ, ಇವು ಸಾಧ್ಯವಿರುವ ಮಾತುಗಳು.

ಮೂರನೆಯ ರಾತ್ರಿ ಅಂಥ ಹೊಣೆಗಾರ ಬೇಕಾಯಿತು. ಕೆಳಗಿನ ಮನೆಗೆ ಆರು ಹುಡುಗರು ಬಂದಿದ್ದರು. ಹನ್ನೊಂದು ದಾಟಿದರೂ ಸ್ಪೀಕರು ನಿಲ್ಲಲಿಲ್ಲ. ಮರದ ನೆಲ ಕಾಲ ಕೆಳಗೆ ಗುಂಯ್‌ಗುಡುತ್ತಿತ್ತು. ಅಳಿಯ ಮ್ಯಾನೇಜರನಿಗೆ ಫೋನ್ ಹಚ್ಚಿದ. ಸ್ವಿಚ್ಡ್ ಆಫ್. ಎದುರು ಕಿಟಕಿಯಲ್ಲಿ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಕೊನೆಗೆ ತಂದೆ ಶಾಲು ಹೊದ್ದು ಕೆಳಗಿಳಿದರು. ಮೂವತ್ತಾರು ವರ್ಷ ಸಾಲಗಾರರ ಮನೆ ಬಾಗಿಲು ತಟ್ಟಿದ ಅನುಭವ. ಜೋರು ಮಾಡಲಿಲ್ಲ. ಎದುರಿಗೆ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ, ನಿಮ್ಮಜ್ಜಿ ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು ಹಿಂದಿಯಲ್ಲಿ ಕೇಳಿದರು. ಹುಡುಗರು ಕೆಟ್ಟವರಲ್ಲ. ಎದುರು ಮನೆಯಲ್ಲಿ ಯಾರಾದರೂ ವಾಸವಿದ್ದಾರೆಂದೇ ಅವರಿಗೆ ಗೊತ್ತಿರಲಿಲ್ಲ. "ನಾವು ಇದೆಲ್ಲ ಹೋಟೆಲ್ ಅಂದುಕೊಂಡಿದ್ದೆವು ಅಂಕಲ್" ಎಂದ ಒಬ್ಬ. ಸ್ಪೀಕರು ನಿಂತಿತು.

ಮನೆಯ ಇನ್ನೊಂದು ಬಾಗಿಲು ತೆರೆದದ್ದು ಕನ್ನಡದಲ್ಲಿ. ದಿನ ಬಿಟ್ಟು ದಿನ ಟವೆಲು ಬದಲಿಸಿ ನೆಲ ಒರೆಸಲು ಬರುತ್ತಿದ್ದ ಹೆಂಗಸು ಮೊದಲ ದಿನ ಹಿಂದಿಯಲ್ಲೇ ಮಾತಾಡಿದ್ದಳು. ಎರಡನೆಯ ಸಲ ಬಂದಾಗ ತಾಯಿ ಮೊಮ್ಮಗನಿಗೆ ಗದರುವುದು ಕೇಳಿ ಕೈಯಲ್ಲಿದ್ದ ಹಾಸಿಗೆ ಹೊದಿಕೆ ಹಾಗೇ ಹಿಡಿದು ನಿಂತಳು.

"ಅಮ್ಮಾರ, ನೀವು ಕನ್ನಡದವರೇನ್ರಿ?"

"ಹೂಂ ಮತ್ತ. ನೀ ಯಾವ ಕಡಿಯಾಕಿವಾ?"

"ರೋಣದ ಕಡಿ ರೀ. ಹದಿನಾರು ವರ್ಷಾತ್ರಿ ಬಂದು. ನಮ್ಮ ಮನಿಯವರು ಮೊದಲ ರೋಡ್ ಕೆಲಸಕ್ಕ ಬಂದಿದ್ರು."

ಗೋವಾದ ರಸ್ತೆ, ಕಟ್ಟಡಗಳಲ್ಲಿ ಗದಗ, ಕೊಪ್ಪಳ, ವಿಜಯಪುರದ ಕಡೆಯ ಕೈಗಳು ಎಷ್ಟಿವೆಯೆಂಬುದು ಅಲ್ಲಿಗೆ ಹೋದ ಕನ್ನಡಿಗರಿಗೆಲ್ಲ ಗೊತ್ತು. ರಜೆಯ ಮನೆಗಳು ಆ ಕೈಗಳಿಗೆ ಹೊಸ ಕೆಲಸ ಕೊಟ್ಟಿವೆ. ಇವಳಿಗೆ ಈ ಬಡಾವಣೆಯಲ್ಲೇ ನಾಲ್ಕು ಮನೆ. ಹನ್ನೊಂದಕ್ಕೆ ಒಬ್ಬರು ಖಾಲಿ ಮಾಡಿದರೆ ಎರಡಕ್ಕೆ ಇನ್ನೊಬ್ಬರು ಬರುತ್ತಾರೆ. ಶನಿವಾರ ನಾಲ್ಕೂ ಮನೆ ಒಟ್ಟಿಗೆ ಬದಲಾಗುತ್ತವೆ. ಅಂದರೆ ಮೂರು ತಾಸಿನಲ್ಲಿ ನಾಲ್ಕು ಅಡುಗೆಮನೆ, ಏಳು ಹಾಸಿಗೆ. ಹೊದಿಕೆಯ ಮೇಲೆ ಕಲೆ ಉಳಿದರೆ ಅತಿಥಿ ಸ್ಟಾರ್ ಕಡಿಮೆ ಕೊಡುತ್ತಾನೆ, ಸ್ಟಾರ್ ಕಡಿಮೆಯಾದರೆ ಮ್ಯಾನೇಜರು ದುಡ್ಡು ಮುರಿಯುತ್ತಾನೆ. ಇವಳು ಇರುವುದು ಊರಾಚೆ, ಬಸ್ಸಿನಲ್ಲಿ ಬರಬೇಕು. ಈ ಓಣಿಯಲ್ಲಿ ಒಂದು ಕೋಣೆ ಸಿಗುವುದಿಲ್ಲವೇ ಎಂದು ತಾಯಿ ಕೇಳಿದ್ದಕ್ಕೆ ಅವಳು ನಕ್ಕಳು. "ಇಲ್ಲಿ ಒಂದ್ ರಾತ್ರಿಗಿ ಹೇಳೂದು ನನಗ ಅರ್ಧಾ ತಿಂಗಳಾ ಆಕ್ಕೈತ್ರಿ." ತಾಯಿ ಕುಂದಾದ ಡಬ್ಬಿ ತೆಗೆದರು. ಕೆಲಸಕ್ಕೆ ತಡವಾಗುತ್ತದೆ ಎನ್ನುತ್ತಲೇ ಅವಳು ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಹದಿನಾರು ವರ್ಷದ ಕಥೆಯನ್ನು ಇಪ್ಪತ್ತು ನಿಮಿಷದಲ್ಲಿ ಹೇಳಿದಳು. ಆ ದಿನದ ನೆಲವನ್ನು ಮಗಳೇ ಒರೆಸಿದಳು.

ಎದುರು ಕಿಟಕಿಯ ಮುದುಕಿಗೆ ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಡುವುದು ಯಾರು ಎಂಬುದೂ ಆ ಇಪ್ಪತ್ತು ನಿಮಿಷದಲ್ಲಿಯೇ ತಿಳಿಯಿತು. ರೋಣದವಳೇ. ದುಡ್ಡಿಗಲ್ಲ. ಬೀಗದ ಕೈಗಳನ್ನು ಮ್ಯಾನೇಜರು ಆಕೆಯ ಮನೆಯಲ್ಲಿಡಲು ಒಪ್ಪಿದ್ದಾನೆ, ಅದಕ್ಕೆ ಪ್ರತಿಯಾಗಿ ಎಂದು ಇವಳು ಹೇಳಿದಳಾದರೂ, ಅಷ್ಟೇ ಆಗಿರಲಾರದು.

ಕೊನೆಯ ಸಂಜೆ ತಂದೆ ಮೊಮ್ಮಗನ ಕೈಹಿಡಿದು ತಮ್ಮ 1984ರ ಮನೆ ಹುಡುಕಲು ಹೋದರು. ಎರಡು ಓಣಿಯಾಚೆ ಅದು ಸಿಕ್ಕಿತು. ಹಸಿರು ಬಣ್ಣ ಹೋಗಿ ತಿಳಿನೀಲಿ ಬಂದಿದೆ, ಹಿಂಭಾಗದ ಕೋಣೆ ಈಗ ಕಾಫಿ ಕುಡಿಯುವ ಜಾಗ. ಅವರ ಮಂಚ ಇದ್ದ ಕಡೆ ಎರಡು ಕುರ್ಚಿ. ಒಂದು ಕಾಫಿ, ಮೊಮ್ಮಗನಿಗೊಂದು ಕೇಕು ತರಿಸಿಕೊಂಡು ಅರ್ಧ ತಾಸು ಕೂತರು. ಬೇಜಾರಾಯಿತೇ ಎಂದು ಮಗಳು ಕೇಳಿದ್ದಕ್ಕೆ, ಇಲ್ಲ, ಮಾಡು ಸೋರುವುದು ನಿಂತಿದೆ ಎಂದರು. ಅವರ ಕಾಲದಲ್ಲಿ ಮಳೆಗಾಲದ ರಾತ್ರಿ ಮೂರು ಪಾತ್ರೆ ಇಡಬೇಕಾಗುತ್ತಿತ್ತಂತೆ. ಬಿಲ್ಲು ತಂದ ಹುಡುಗಿಗೆ "ದೇವ್ ಬರೆಂ ಕರೂಂ" ಎಂದರು. ಅವಳು ಅಸ್ಸಾಮಿನವಳು, ಸುಮ್ಮನೆ ನಕ್ಕಳು.

ರಿವ್ಯೂ ಬರೆಯುವ ಕೆಲಸ ಮಗಳದು. ಹಿಂದಿನ ಅತಿಥಿಗಳೆಲ್ಲ ಶಾಂತವಾದ ಓಣಿ, ಅಪ್ಪಟ ಸ್ಥಳೀಯ ಬದುಕು ಎಂದು ಹೊಗಳಿದ್ದರು. ಆ ಎರಡು ಮಾತು ಓದಿ ಎಷ್ಟು ಜನ ಬಂದಿರಬಹುದೋ. ಅವಳು ಸ್ವಚ್ಛತೆಗೆ ಐದು ಸ್ಟಾರ್ ಒತ್ತಿದಳು. ಮೆಟ್ಟಿಲು ಹತ್ತೊಂಬತ್ತು, ಕಟಕಟೆ ಒಂದೇ ಕಡೆ, ಮೊಣಕಾಲು ನೋವಿನವರು ಯೋಚಿಸಿ. ಸೂಟ್‌ಕೇಸು ಎಳೆಯಬೇಡಿ, ಎತ್ತಿಕೊಂಡು ಬನ್ನಿ. ಕಸ ಮೂರು ಬುಟ್ಟಿಗೆ. ಹತ್ತರ ಮೇಲೆ ಸದ್ದು ಬೇಡ, ಸುತ್ತಲೂ ಮನೆಗಳಿವೆ, ಹೋಟೆಲುಗಳಲ್ಲ ಎಂದು ಬರೆದಳು. ಚಿಪ್ಪಿನ ಕಿಟಕಿಯ ಬಗ್ಗೆ ಬರೆದ ಸಾಲನ್ನು ಅಳಿಸಿಹಾಕಿದಳು. ಮ್ಯಾನೇಜರನಿಗೆ ಬೇರೆಯಾಗಿ ಒಂದು ಸಂದೇಶ: ರಾತ್ರಿ ಎತ್ತುವ ಒಂದು ಫೋನ್ ನಂಬರನ್ನು ಓಣಿಯ ಜನರಿಗೂ ಕೊಡಿ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಸಾಮಾನುಗಳನ್ನು ಒಂದೊಂದಾಗಿ ಎತ್ತಿಕೊಂಡು ಇಳಿಸಿದರು. ತಾಯಿ ಉಳಿದ ಕುಂದಾವನ್ನು ಎರಡು ಪಾಲು ಮಾಡಿ, ಒಂದನ್ನು ರೋಣದವಳ ಕೈಗಿಟ್ಟರು. ಇನ್ನೊಂದನ್ನು ಎದುರು ಮನೆಗೆ ಕೊಡಲು ಓಣಿ ದಾಟಿದರು. ಮುದುಕಿ ಬಾಗಿಲಿಗೆ ಬರಲಿಲ್ಲ, ಕಿಟಕಿಯಿಂದ ಬುಟ್ಟಿ ಇಳಿಬಿಟ್ಟರು. ಬುಟ್ಟಿ ಮೇಲೇರಿದ ಮೇಲೆ, ಮೇಲಿನ ಬಾಲ್ಕನಿಯಲ್ಲಿ ಹೊದಿಕೆ ಕೊಡವುತ್ತಿದ್ದ ರೋಣದವಳನ್ನು ಕೊಂಕಣಿಯಲ್ಲಿ ಕೇಳಿದರು: ಇವತ್ತು ಮಧ್ಯಾಹ್ನ ಯಾರು?

"ಎಂಟು ಮಂದಿ ಅಂತ, ದಿಲ್ಲಿಯಿಂದ" ಎಂದಳು ಅವಳು.

ಮುದುಕಿ ಕುಂಡದಲ್ಲಿದ್ದ ಗಿಡಕ್ಕೆ ನೀರು ಹಾಕಿ, ಕುಂಡವನ್ನು ಕಟ್ಟೆಯಿಂದ ಎತ್ತಿ ಒಳಗಿಟ್ಟುಕೊಂಡರು.